ಶುಗರ್ ಹೋಯ್ತು ಅಂತ ಪೇಡ ಹಂಚಿದ್ವಿ, ಹೋಗಿದ್ದು ಕಿಡ್ನಿ

ಮಂಡಕ್ಕಿಭಟ್ಟಿ_ಹುಡುಗ · ಭಾನುವಾರ, ರಾತ್ರಿ 10:12

ದಾವಣಗೆರೆ ಕಡೆಯವರೇ ಜಾಸ್ತಿ ಇರೋ ಗುಂಪು ಅಂತ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಬೈಕೋಬೇಡಿ.

ನಮ್ಮಪ್ಪನಿಗೆ 64. ಶುಗರ್ ಬಂದು 14 ವರ್ಷ. ಹಳೇ ಊರಲ್ಲಿ ಸಣ್ಣ ಕಿರಾಣಿ ಅಂಗಡಿ, ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದ್ರೆ ರಾತ್ರಿ ಒಂಬತ್ತರವರೆಗೂ ಗಲ್ಲಾಪೆಟ್ಟಿಗೆ ಮುಂದೆ. ಕಳೆದ ಶ್ರಾವಣದ ಹೊತ್ತಿಗೆ ಅವರ ಶುಗರ್ ತಾನಾಗೇ ಇಳಿಯಾಕೆ ಶುರುವಾಯ್ತು. ಖಾಲಿ ಹೊಟ್ಟೇಲಿ 180ಕ್ಕೆ ಕಮ್ಮಿ ಕಂಡವರೇ ಅಲ್ಲ, ಈಗ 95, 88. ಗುಳಿಗೆ ಅದೇ, ಊಟ ಅದೇ, ಸಂಜೆ ಮಂಡಕ್ಕಿ ಮೆಣಸಿನಕಾಯೀನೂ ಅದೇ. ಸೋದರತ್ತೆ "ದುಗ್ಗಮ್ಮ ಕಣ್ಣು ಬಿಟ್ಲು" ಅಂದ್ರು. ಅಪ್ಪ ಅರ್ಧ ಕೆಜಿ ಪೇಡ ತಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಹಂಚಿದ್ರು, ಒಂದು ತಾವೂ ಬಾಯಿಗೆ ಹಾಕ್ಕೊಂಡ್ರು.

ತಿಂಗಳು ಕಳೆದಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ ಕೂಗಿದ್ರು. ಓಡಿಹೋಗಿ ನೋಡಿದ್ರೆ ಬನಿಯನ್ ಹಿಂಡಿದ್ರೆ ನೀರು ಸುರಿಯೋ ಹಂಗೆ ಬೆವರು. ಮಾತು ತೊದಲು. ನನ್ನನ್ನ ತೀರಿಹೋದ ಚಿಕ್ಕಪ್ಪನ ಹೆಸರು ಹಿಡಿದು ಕರೀತಿದ್ರು. ಮೀಟರ್‌ನಲ್ಲಿ 41. ಸಕ್ಕರೆ ನೀರು ಕುಡಿಸಿ, ಆಟೋ ಹಿಡಿದು ಹೋಗೋ ಅಷ್ಟರಲ್ಲಿ ಸ್ವಲ್ಪ ಸುಧಾರಿಸಿಕೊಂಡ್ರು.

ಅಲ್ಲಿ ರಕ್ತ ತೆಗೆದ್ರು. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ, ಕಿಡ್ನಿ ಸೋತ್ರೆ ರಕ್ತದಲ್ಲಿ ಏರುತ್ತೆ) 2.4. ಡಾಕ್ಟರು ಹೇಳಿದ ಮಾತು ಇನ್ನೂ ಕಿವೀಲಿದೆ: "ಶುಗರ್ ವಾಸಿ ಆಗಿಲ್ಲಪ್ಪ. ಕಿಡ್ನಿ ಸೋತಿದೆ. ಗುಳಿಗೆ, ಇನ್ಸುಲಿನ್ ಎರಡನ್ನೂ ಮೈಯಿಂದ ಹೊರಗೆ ಹಾಕೋದು ಕಿಡ್ನೀದೂ ಕೆಲಸ. ಅದು ನಿಧಾನ ಆಗಿ ಔಷಧಿ ಒಳಗೇ ಉಳೀತಿದೆ, ಅದಕ್ಕೇ ಶುಗರ್ ಇಳೀತಿದೆ."

ಮನೆಗೆ ಬಂದು ಅಪ್ಪನ ಫೈಲ್ ಹರವಿ ಕೂತೆ. ಎರಡು ತಿಂಗಳಿಗೊಮ್ಮೆ ಊಟಕ್ಕೆ ಮುಂಚಿನ ಶುಗರ್, ಊಟ ಆದ ಮೇಲಿನ ಶುಗರ್, ತಪ್ಪದೇ ಇದೆ. ಕ್ರಿಯಾಟಿನಿನ್ ಒಂದೇ ಒಂದು ಸಲ, ನಾಲ್ಕು ವರ್ಷದ ಹಿಂದೆ, 1.2. ಮೂತ್ರದ ಪರೀಕ್ಷೆ 14 ವರ್ಷದಲ್ಲಿ ಒಂದೂ ಇಲ್ಲ. ಅಮ್ಮ ಈಗ ಹೇಳ್ತಾರೆ, "ಎರಡು ವರ್ಷದಿಂದ ಬಚ್ಚಲಲ್ಲಿ ನೊರೆ ನಿಲ್ತಿತ್ತು, ನಾನು ಫಿನಾಯಿಲ್ ನೊರೆ ಅಂದ್ಕೊಂಡಿದ್ದೆ" ಅಂತ.

ಯಾರ ಮೇಲೂ ದೂರು ಹೇಳಾಕೆ ಬರೆದಿದ್ದಲ್ಲ. ಕೇಳೋದು ಇಷ್ಟೇ. ಇಲ್ಲಿ ಶುಗರ್ ಇರೋರು, ಮನೇಲಿ ಶುಗರ್ ಇರೋರು ಎಷ್ಟೋ ಜನ ಇದೀರಿ. ನಿಮಗೆ ಯಾರಾದ್ರೂ ಕಿಡ್ನಿಗೆ ಅಂತ ಮೂತ್ರದ ಟೆಸ್ಟ್ ಬರೆದುಕೊಟ್ಟಿದಾರಾ?

---

ಹರಿಹರದ_ಮೇಷ್ಟ್ರು · 10:40

ನಿವೃತ್ತ ಶಿಕ್ಷಕ. ಶುಗರ್ 18 ವರ್ಷ. ಉತ್ತರ: ಇಲ್ಲ.

ಅದಕ್ಕಿಂತ ನಾಚಿಕೆಯ ವಿಷಯ ಹೇಳ್ತೀನಿ. ಕಿಡ್ನಿ ತೊಂದರೆ ಅಂದ್ರೆ ಕಲ್ಲು ಅಂತಲೇ ನಾನು ತಿಳಿದಿದ್ದು. ಬೆನ್ನು ಹಿಡೀಬೇಕು, ಉರಿಮೂತ್ರ ಆಗ್ಬೇಕು, ಆಗ ಬಾಳೆದಿಂಡಿನ ರಸ ಕುಡೀಬೇಕು. ನನಗೆ ಬೆನ್ನು ನೋವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತೆ, ಆದ್ದರಿಂದ ಕಿಡ್ನಿ ಚೆನ್ನಾಗಿದೆ. ಈ ತರ್ಕದ ಮೇಲೆ 18 ವರ್ಷ ಕಳೆದಿದ್ದೀನಿ. ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವನು ನಾನು. ನೆಫ್ರಾನಿನ ಚಿತ್ರ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ!

ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹ ಇದೆ ಅಂತ ಐಸಿಎಂಆರ್ ಸಮೀಕ್ಷೆ 2023ರಲ್ಲಿ ಬಂದಾಗ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೆ. ನನ್ನ ಮೂತ್ರದ ಕಥೆ ನನಗೇ ಗೊತ್ತಿರಲಿಲ್ಲ ನೋಡಿ.

---

ಲ್ಯಾಬ್_ಅಕ್ಕ · 11:05

ಲ್ಯಾಬ್ ಟೆಕ್ನಿಷಿಯನ್, ಹನ್ನೊಂದು ವರ್ಷದಿಂದ ಇದೇ ಕೆಲಸ. ದಿನಾ ನೋಡೋದನ್ನ ಹೇಳ್ತೀನಿ.

ಶುಗರ್ ಟೆಸ್ಟಿಗೆ ಬಂದವರ ಕೈಗೆ ಮೂತ್ರದ ಡಬ್ಬಿ ಕೊಟ್ಟರೆ ಅರ್ಧ ಜನ "ನನಗೆ ಅದೇನೂ ತೊಂದ್ರೆ ಇಲ್ಲಮ್ಮ" ಅಂತ ವಾಪಸ್ ಕೊಡ್ತಾರೆ. ಹೆಂಗಸರಿಗಂತೂ ಸಂಕೋಚ. ಒಬ್ಬಜ್ಜಿ ಸೆರಗಲ್ಲಿ ಮುಚ್ಕೊಂಡು ಹೋಗಿ, ನಲ್ಲಿ ನೀರು ತುಂಬಿಸಿ ತಂದುಕೊಟ್ಟಿದ್ರು. ತಣ್ಣಗಿತ್ತು, ಗೊತ್ತಾಯ್ತು.

ಕ್ರಿಯಾಟಿನಿನ್ ವಿಷಯಕ್ಕೆ ಬರ್ತೀನಿ. ರಿಪೋರ್ಟಲ್ಲಿ ಪಕ್ಕದಲ್ಲೇ ನಾರ್ಮಲ್ ಎಷ್ಟು ಅಂತ ಅಚ್ಚಾಗಿರುತ್ತಲ್ಲ, ಜನ ಅದನ್ನಷ್ಟೇ ನೋಡ್ತಾರೆ. ದಪ್ಪಕ್ಷರದಲ್ಲಿ ಬಂದಿಲ್ಲ ಅಂದ್ರೆ ಮಡಚಿ ಇಟ್ರು. 1.1 ಅಂತ ಇಟ್ಕೊಳ್ಳಿ. 25 ವರ್ಷದ ಹುಡುಗನಿಗೆ 1.1 ಬಂದ್ರೆ ಲೆಕ್ಕದಲ್ಲಿ ಕಿಡ್ನಿ ಸೋಸೋ ವೇಗ 95ರ ಆಸುಪಾಸು. ಅದೇ 1.1 ನಿಮ್ಮಮ್ಮನ ವಯಸ್ಸಿನ, 58ರ ಹೆಂಗಸಿಗೆ ಬಂದ್ರೆ 58ಕ್ಕೆ ಇಳಿಯುತ್ತೆ. ನಂಬರ್ ಒಂದೇ, ಕಿಡ್ನಿ ಬೇರೆ ಬೇರೆ. ಮೈಯಲ್ಲಿ ಮಾಂಸಖಂಡ ಕಮ್ಮಿ ಇರೋರಿಗೆ ಕ್ರಿಯಾಟಿನಿನ್ ತಯಾರಾಗೋದೇ ಕಮ್ಮಿ, ಹಾಗಾಗಿ ಕಿಡ್ನಿ ಸೋತಿದ್ರೂ ನಂಬರ್ ಚೆನ್ನಾಗೇ ಕಾಣುತ್ತೆ. ಆ ಲೆಕ್ಕಕ್ಕೆ ಇ-ಜಿಎಫ್ಆರ್ ಅಂತಾರೆ. ರಿಪೋರ್ಟಲ್ಲಿ ಇಲ್ಲದಿದ್ರೆ ಕೇಳಿ, ವಯಸ್ಸು ಮತ್ತು ಗಂಡೋ ಹೆಣ್ಣೋ ಹಾಕಿದ್ರೆ ಒಂದು ನಿಮಿಷದ ಲೆಕ್ಕ.

ಇನ್ನೊಂದು. "ಯೂರಿನ್ ರೊಟೀನ್ ಮಾಡ್ಸಿದೀನಿ, ಆಲ್ಬುಮಿನ್ ನಿಲ್ ಬಂದೈತೆ" ಅಂತಾರಲ್ಲ, ಅದು ಪಟ್ಟಿ ಅದ್ದಿ ನೋಡೋದು. ಶುರುವಿನಲ್ಲಿ ಸೋರೋ ಚೂರು ಪ್ರೋಟೀನ್ (ಆಲ್ಬುಮಿನ್ ಅಂದ್ರೆ ಅದೇ) ಅದಕ್ಕೆ ಸಿಗಲ್ಲ. ಅದಕ್ಕೆ ಬೇರೆ ಟೆಸ್ಟೇ ಇದೆ, ಯೂರಿನ್ ಎಸಿಆರ್ ಅಥವಾ ಮೈಕ್ರೋಆಲ್ಬುಮಿನ್ ಅಂತ ಚೀಟೀಲಿ ಬರೆದಿರಬೇಕು. ಖರ್ಚು? ಮನೆಮಂದಿಯೆಲ್ಲ ಹೋಗಿ ಬೆಣ್ಣೆದೋಸೆ ತಿಂದು ಬಂದಷ್ಟು.

---

ಜಗಳೂರು_ಜಾಲಿ · 11:31

ಎಲ್ಲಾ ಇಂಗ್ಲಿಷ್ ಗುಳಿಗೆ ಮಹಿಮೆ ಸ್ವಾಮಿ. 14 ವರ್ಷ ದಿನಾ ಮೆಟ್‌ಫಾರ್ಮಿನ್ ನುಂಗಿದ್ರೆ ಕಿಡ್ನಿ ಉಳಿಯುತ್ತಾ? ನಮ್ಮ ದೊಡ್ಡಪ್ಪ ಗುಳಿಗೆ ಬಿಟ್ಟು ಆರು ವರ್ಷ ಆಯ್ತು, ನಾಟಿ ಪುಡಿ ತಗೊಂತಾರೆ, ಗಟ್ಟಿ ಇದಾರೆ. ಪುಡಿ ಕೊಡೋರ ನಂಬರ್ ಬೇಕಾದ್ರೆ

*[ಫೋನ್ ನಂಬರ್ ತೆಗೆದಿದ್ದೇನೆ. ಗುಂಪಿನ ನಿಯಮ ಎಲ್ಲರಿಗೂ ಒಂದೇ. – ನಿರ್ವಾಹಕ]*

---

ರಾತ್ರಿಪಾಳಿ_ಡಾಕ್ಟರ್ · ಸೋಮವಾರ, ನಸುಕಿನ 2:18

ಮೆಡಿಸಿನ್ ಪಿಜಿ ಮಾಡ್ತಿದೀನಿ, ಇದೇ ಊರು. ವಾರ್ಡಲ್ಲಿ ಸ್ವಲ್ಪ ಬಿಡುವಿದೆ. ನಾನು ಯಾರ ಚಿಕಿತ್ಸೇನೂ ಇಲ್ಲಿ ಬದಲಾಯಿಸ್ತಿಲ್ಲ, ಗೊತ್ತಿರೋದು ಹೇಳ್ತೀನಿ.

ಜಾಲಿ ಅವರೇ, ಮೆಟ್‌ಫಾರ್ಮಿನ್ ಕಿಡ್ನಿ ಹಾಳು ಮಾಡಲ್ಲ. ಕಿಡ್ನಿ ಹಾಳಾದ ಮೇಲೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಎರಡು ಬೇರೆ. ಇ-ಜಿಎಫ್ಆರ್ 45ರ ಕೆಳಗೆ ಹೋದ್ರೆ ಡೋಸ್ ಇಳಿಸ್ತೀವಿ, 30ರ ಕೆಳಗೆ ನಿಲ್ಲಿಸ್ತೀವಿ. ಯಾಕಂದ್ರೆ ಅದು ಹೊರಗೆ ಹೋಗೋ ದಾರಿ ಕಿಡ್ನಿನೇ. ಜನ ನೋಡೋದು "ಕಿಡ್ನಿ ಹೋಯ್ತು, ಡಾಕ್ಟರ್ ಗುಳಿಗೆ ನಿಲ್ಲಿಸಿದ್ರು" ಅನ್ನೋದನ್ನ. ಅಲ್ಲಿಂದ ಊರೆಲ್ಲ ಕಥೆ ಹುಟ್ಟುತ್ತೆ, ಗುಳಿಗೆಯಿಂದಲೇ ಕಿಡ್ನಿ ಹೋಯ್ತು ಅಂತ. ಅದನ್ನ ಕೇಳಿದ ಇನ್ನೊಬ್ಬ ಗುಳಿಗೆ ಬಿಡ್ತಾನೆ, ಶುಗರ್ 300ರಲ್ಲಿ ನಿಲ್ಲುತ್ತೆ, ಐದಾರು ವರ್ಷಕ್ಕೆ ನಮ್ಮ ವಾರ್ಡಿಗೆ ಬರ್ತಾನೆ.

ಮೂಲ ಪೋಸ್ಟಿಗೆ: ಅಪ್ಪನ ವಯಸ್ಸಿಗೆ 2.4 ಅಂದ್ರೆ ಇ-ಜಿಎಫ್ಆರ್ ಸುಮಾರು 29. ಐದರಲ್ಲಿ ನಾಲ್ಕನೇ ಹಂತ. ನಾಲ್ಕು ವರ್ಷದ ಹಿಂದಿನ 1.2 ಅಂದ್ರೆ 69ರ ಹತ್ತಿರ. ಆಗಲೇ ಮೂತ್ರ ನೋಡಿದ್ದಿದ್ರೆ ಬಹುಶಃ ಪ್ರೋಟೀನ್ ಸಿಗ್ತಿತ್ತು. ಅಮ್ಮ ಕಂಡ ನೊರೆ ಆ ಪ್ರೋಟೀನಿನದ್ದೇ ಇರಬಹುದು. ಸಕ್ಕರೆ ಕಾಯಿಲೆ ಕಿಡ್ನಿಗೆ ಬರೋದು ಸೋರಿಕೆಯ ರೂಪದಲ್ಲಿ. ಜರಡಿ ಕಣ್ಣು ಮೊದಲು ದೊಡ್ಡದಾಗುತ್ತೆ, ಕಟ್ಟಿಕೊಳ್ಳೋದು ಆಮೇಲೆ. ಕಿಡ್ನಿ ಕೆಲಸ ಅರ್ಧ ಹೋಗೋವರೆಗೂ ಕ್ರಿಯಾಟಿನಿನ್ ನಾರ್ಮಲ್ ಗೆರೆಯೊಳಗೇ ಇರಬಹುದು. ಅದಕ್ಕೇ ಟೈಪ್ 2 (ಹೆಚ್ಚಾಗಿ ದೊಡ್ಡವರಿಗೆ ಬರೋ ಶುಗರ್) ಇರೋರಿಗೆ ಶುಗರ್ ಗೊತ್ತಾದ ದಿನವೇ ಒಂದ್ಸಲ, ಆಮೇಲೆ ವರ್ಷಕ್ಕೊಂದ್ಸಲ ರಕ್ತ, ಮೂತ್ರ ಎರಡೂ ನೋಡಬೇಕು. ಟೈಪ್ 2 ಎಷ್ಟೋ ವರ್ಷ ಸದ್ದಿಲ್ಲದೆ ಇದ್ದು ಆಮೇಲೆ ಸಿಕ್ಕಿಬೀಳೋ ಕಾಯಿಲೆ. ಗೊತ್ತಾದ ದಿನವೇ ಅದಕ್ಕೆ ವಯಸ್ಸಾಗಿರುತ್ತೆ.

ಎಸಿಆರ್ 30ರ ಒಳಗಿದ್ರೆ ಸರಿ. 30ರಿಂದ 300 ಸೋರಿಕೆ ಶುರುವಾಗಿದೆ ಅಂತ. 300 ದಾಟಿದ್ರೆ ಜೋರು. ಬೆಲ್ ಹೊಡೀತಿದೆ, ಬೆಳಗ್ಗೆ ಬರ್ತೀನಿ.

---

ನಿಟ್ಟುವಳ್ಳಿ_ಸೊಸೆ · ಬೆಳಗ್ಗೆ 7:50

ಜರಡಿ ಕಣ್ಣು ದೊಡ್ಡದಾಗೋದು... ಇದನ್ನ ಯಾರೂ ಈ ಥರ ಹೇಳಿರಲಿಲ್ಲ. ನಮ್ಮತ್ತೆ ಜೊತೆ ಆರು ವರ್ಷದಿಂದ ಓಡಾಡ್ತಿದೀನಿ. ಒಳಗೆ ಹೋದ್ರೆ ಎರಡು ನಿಮಿಷ. "ಶುಗರ್ ಎಷ್ಟು? ಸ್ವೀಟ್ ತಿಂತೀರಾ? ವಾಕ್ ಮಾಡಿ." ಮುಗೀತು. ಹೊರಗೆ ಐವತ್ತು ಜನ ಕಾಯ್ತಿರ್ತಾರೆ, ನಾನಾದ್ರೂ ಏನು ಕೇಳ್ಲಿ.

---

ಔಷಧಿ_ಕೌಂಟರ್ · 8:22

ಮೆಡಿಕಲ್ ಸ್ಟೋರ್ ನಡೆಸೋನು. ನಾನೂ ಒಂದು ತಪ್ಪೊಪ್ಪಿಗೆ ಮಾಡ್ಕೊಂತೀನಿ.

ಶುಗರ್ ಗುಳಿಗೆ ತಗೊಳ್ಳಾಕೆ ಬಂದವರು ಹತ್ತು ದಿನದ್ದು ಕೊಡಿ ಅಂತಾರೆ. "ಜಾಸ್ತಿ ತಿಂದ್ರೆ ಕಿಡ್ನಿಗೆ ಏಟು, ದಿನ ಬಿಟ್ಟು ದಿನ ತಗೊಂತೀನಿ" ಅಂತ ನನಗೇ ಬುದ್ಧಿ ಹೇಳ್ತಾರೆ. ಹೇಳಿ, ಅದೇ ಉಸಿರಲ್ಲಿ, "ಮಂಡಿ ನೋವಿಂದು ಒಂದು ಶೀಟ್ ಹಾಕ್ಬಿಡಿ." ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್. ಮೆಕ್ಕೆಜೋಳದ ಸುಗ್ಗಿ ಬಂತು ಅಂದ್ರೆ ಇನ್ನೂ ಜಾಸ್ತಿ, ದಿನಕ್ಕೆರಡು ನುಂಗಿ ಹೊಲಕ್ಕೆ ಹೋಗೋರು ಅದಾರೆ. ಕಿಡ್ನಿಗೆ ನಿಜವಾಗ್ಲೂ ಏಟು ಕೊಡೋದು ಈ ಎರಡನೇ ಶೀಟು. ಮೊದಲನೇದಕ್ಕೆ ಹೆದರ್ತಾರೆ, ಎರಡನೇದನ್ನ ಪೆಪ್ಪರಮೆಂಟ್ ಥರ ತಿಂತಾರೆ. ಚೀಟಿ ಇಲ್ಲದೆ ನಾನೂ ಕೊಟ್ಟಿದೀನಿ, ಸುಳ್ಳು ಹೇಳಲ್ಲ. ನಾನು ಕೊಡದಿದ್ರೆ ಪಕ್ಕದವನು ಕೊಡ್ತಾನೆ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೂ ಉಂಟು.

---

ವಾರಕ್ಕೆ_ಮೂರು · 9:15

ಡಯಾಲಿಸಿಸ್ ಮಷೀನ್ ಪಕ್ಕದಲ್ಲೇ ಕೂತು ಬರೀತಿದೀನಿ, ಒಂದೇ ಕೈಯಲ್ಲಿ. ತಪ್ಪಿದ್ರೆ ಕ್ಷಮಿಸಿ.

ಚನ್ನಗಿರಿ ಕಡೆಯವನು, 52. ಸೋಮ, ಬುಧ, ಶುಕ್ರ. ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಬೆಳಗ್ಗೆ ಐದೂವರೆ ಬಸ್ಸು. ವಾಪಸ್ ಹೋಗೋವಾಗ ಕಾಲಲ್ಲಿ ಬಲ ಇರಲ್ಲ, ಕಿಟಕಿ ಸೀಟು ಸಿಕ್ಕಿದ್ರೆ ಪುಣ್ಯ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೇಲಿ ಮಷೀನಿಗೆ ದುಡ್ಡಿಲ್ಲ. ಅದು ದೊಡ್ಡ ಉಪಕಾರ. ಆದ್ರೆ ವಾರದಲ್ಲಿ ಮೂರು ದಿನ ಕೂಲಿ ಹೋಗುತ್ತಲ್ಲ, ಅದನ್ನ ಯಾವ ಕಾರ್ಡೂ ಕೊಡಲ್ಲ. ಜೊತೆಗೆ ಬರೋ ಹೆಂಡತೀದೂ ಹೋಗುತ್ತೆ.

ನನ್ನದೂ ಶುಗರ್‌ನಿಂದಲೇ ಆಗಿದ್ದು. ಪಾದ ಊದಿತ್ತು. ಅಡಿಕೆ ತೋಟದಲ್ಲಿ ನಿಂತು ನಿಂತು ಊದಿದೆ ಅಂದ್ಕೊಂಡೆ. ಚಪ್ಪಲಿ ಬಾರಿನ ಗುರುತು ಬೆಳಗಿನವರೆಗೂ ಹೋಗ್ತಿರಲಿಲ್ಲ, ಬೆರಳಲ್ಲಿ ಒತ್ತಿದ್ರೆ ಹಿಟ್ಟಲ್ಲಿ ಒತ್ತಿದಂಗೆ ಗುಳಿ. ಯಾರೋ ನೀರು ಜಾಸ್ತಿ ಕುಡಿ, ಕಿಡ್ನಿ ತೊಳೆದು ಹೋಗುತ್ತೆ ಅಂದ್ರು. ದಿನಾ ನಾಲ್ಕು ಲೀಟರ್ ಕುಡಿದೆ. ಇನ್ನೊಬ್ಬರು ಎಳನೀರು ಅಂದ್ರು, ಅದೂ ಕುಡಿದೆ. ಆಮೇಲೆ ಬಾಳೆದಿಂಡು. ಒಂದು ರಾತ್ರಿ ಉಸಿರು ಸಿಗಲಿಲ್ಲ, ಮಲಗಿದ್ರೆ ಮುಳುಗಿದಂಗೆ. ಆಸ್ಪತ್ರೇಲಿ ಹೇಳಿದ್ರು, ನೀರು ಶ್ವಾಸಕೋಶದಲ್ಲಿ ನಿಂತಿದೆ, ಪೊಟ್ಯಾಷಿಯಂ ಹೃದಯ ನಿಲ್ಲಿಸೋ ಅಷ್ಟು ಏರಿದೆ ಅಂತ. ಎಳನೀರು, ಬಾಳೆಹಣ್ಣು, ಬಾಳೆದಿಂಡು ಎಲ್ಲ ಪೊಟ್ಯಾಷಿಯಂ. ಒಳ್ಳೆ ಕಿಡ್ನಿಗೆ ಅಮೃತ, ಸೋತ ಕಿಡ್ನಿಗೆ ವಿಷ.

ಈಗ ಬಾಯಾರಿದ್ರೆ ಮಂಜುಗಡ್ಡೆ ಚೂರು ಬಾಯಲ್ಲಿಟ್ಕೊಂತೀನಿ. ಬೇಸಿಗೇಲಿ ಕೊಡಪಾನದ ಕಡೆ ನೋಡಲ್ಲ.

ಮಂಡಕ್ಕಿ ಹುಡುಗ, ಒಂದೇ ಮಾತು. ಅಪ್ಪನ ಎಡಗೈ ನರ ಕಾಪಾಡಿ, ಬಲಗೈಯಲ್ಲಿ ಬರೆಯೋರಾದ್ರೆ. ರಕ್ತ ತೆಗೆಯೋದು, ಡ್ರಿಪ್ ಹಾಕೋದು ಎಲ್ಲ ಬಲ ಅಂಗೈ ಹಿಂಭಾಗಕ್ಕೆ ಹಾಕಿಸಿ. ಮುಂದೆ ಬೇಕಾದ್ರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಾಕೆ ರಕ್ತನಾಳ ಜೋಡಿಸೋದು) ಮಾಡೋದು ಆ ಎಡಗೈಯಲ್ಲಿ. ಬೇಕಾಗದೇ ಇರ್ಲಿ. ನನಗೆ ಯಾರೂ ಹೇಳಿರಲಿಲ್ಲ, ನನ್ನ ಎಡಗೈ ನರ ಎಲ್ಲ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ವು.

---

ಮಂಡಕ್ಕಿಭಟ್ಟಿ_ಹುಡುಗ · 9:48

ಅಣ್ಣ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ನಿನ್ನೆ ಸಂಜೆ ಅಪ್ಪನಿಗೆ ಎಳನೀರು ತಂದುಕೊಟ್ಟಿದ್ದು ನಾನೇ. ಸುಸ್ತಿದೆ ಅಂದ್ರು ಅಂತ.

---

ರಾತ್ರಿಪಾಳಿ_ಡಾಕ್ಟರ್ · 10:30

ಒಂದು ಎಳನೀರಿಗೆ ಹೆದರಬೇಡಿ, ಇನ್ನು ಕೊಡಬೇಡಿ. ಮುಂದಿನ ಭೇಟೀಲಿ ಪೊಟ್ಯಾಷಿಯಂ ನೋಡೋಕೆ ಹೇಳಿ. "ಲೋ ಸೋಡಿಯಂ" ಅಂತ ಮಾರೋ ಉಪ್ಪು ಮನೇಲಿದ್ರೆ ಅದನ್ನೂ ಬಿಡಿ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಷಿಯಂ ಹಾಕಿರ್ತಾರೆ. ಸಾದಾ ಉಪ್ಪನ್ನೇ ಕಮ್ಮಿ ಮಾಡಿ, ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದ್ರೆ ಸಪಾಟಾಗಿ ಒಂದು ಟೀ ಚಮಚ. ನಮ್ಮೂರ ಮಿರ್ಚಿ, ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಹಾಕಿದ್ರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತೆ. ಕಮರಾಕ್ಷಿ ಹಣ್ಣು ಕಿಡ್ನಿ ಸೋತವರು ಬಾಯಿಗೂ ಇಡಬಾರದು, ಬಿಕ್ಕಳಿಕೆ ಶುರುವಾಗಿ ಫಿಟ್ಸ್ ಬಂದು ಪ್ರಾಣ ಹೋದ ಪ್ರಕರಣಗಳಿವೆ.

ನಾಲ್ಕನೇ ಹಂತ ಅಂದ ತಕ್ಷಣ ಡಯಾಲಿಸಿಸ್ ಅಂತಲ್ಲ. ಬಿಪಿಗೆ ಕೊಡೋ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಗುಂಪು ಪ್ರೋಟೀನ್ ಸೋರಿಕೇನೂ ತಗ್ಗಿಸುತ್ತೆ. ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಶೇ 30ರೊಳಗೆ ಏರಿದ್ರೆ ನಿಲ್ಲಿಸೋ ಅವಶ್ಯಕತೆ ಸಾಮಾನ್ಯವಾಗಿ ಇಲ್ಲ. ರಿಪೋರ್ಟ್ ನೋಡಿ ಗಾಬರಿಯಾಗಿ ತಾವೇ ನಿಲ್ಲಿಸಿ ಬರೋರು ಬಹಳ. ಇನ್ನೊಂದು ಗುಂಪು ಡಾಪಾಗ್ಲಿಫ್ಲೋಜಿನ್ ಥರದ್ದು. ಮೊದಲು ಶುಗರ್ ಗುಳಿಗೆ ಅಂತ ಬಂತು. 2020ರ ಡಾಪಾ-ಸಿಕೆಡಿ ಅಧ್ಯಯನದಲ್ಲಿ ಶುಗರ್ ಇರೋರು ಇಲ್ಲದೋರು ಇಬ್ಬರಲ್ಲೂ ಕಿಡ್ನಿ ಸೋಲೋದನ್ನ ನಿಧಾನ ಮಾಡುತ್ತೆ ಅಂತ ಗೊತ್ತಾಯ್ತು. ಅದೇ ವರ್ಷ ನಮ್ಮ ದೇಶದಲ್ಲಿ ಪೇಟೆಂಟ್ ಮುಗಿದು ಬೆಲೆ ಬಿದ್ದಿದೆ. ಮೂತ್ರದ ಜಾಗದಲ್ಲಿ ಸೋಂಕು ಆಗಬಹುದು, ಉಪವಾಸ, ರೋಜಾ, ವಾಂತಿಭೇದಿ ಇದ್ದಾಗ ಹೇಗೆ ಅಂತ ಮೊದಲೇ ಕೇಳಿರಬೇಕು. ದಯವಿಟ್ಟು ಈ ಪೋಸ್ಟ್ ತೋರಿಸಿ ಕೌಂಟರಲ್ಲಿ ಕೇಳಬೇಡಿ, ನಿಮ್ಮ ಡಾಕ್ಟರಿಗೆ ತೋರಿಸಿ.

ಅಪ್ಪನ ಕಣ್ಣಿನ ಪರದೆ ಪರೀಕ್ಷೇನೂ ಮಾಡಿಸಿ. ಕಿಡ್ನೀಲಿ ಆಗೋದೇ ಕಣ್ಣಿನ ಸಣ್ಣ ರಕ್ತನಾಳದಲ್ಲೂ ಆಗ್ತಿರುತ್ತೆ.

---

ಜಗಳೂರು_ಜಾಲಿ · 12:04

ಡಾಕ್ಟರೇ, ಹಂಗಾದ್ರೆ ನಮ್ಮ ದೊಡ್ಡಪ್ಪ ಗಟ್ಟಿ ಹೆಂಗಿದಾರೆ? ವಾದಕ್ಕಲ್ಲ, ನಿಜವಾಗ್ಲೂ ಕೇಳ್ತಿದೀನಿ.

---

ಲ್ಯಾಬ್_ಅಕ್ಕ · 12:20

ಗಟ್ಟಿ ಇದಾರೆ ಅಂತ ಯಾರು ಹೇಳಿದ್ದು, ದೊಡ್ಡಪ್ಪನೋ ರಿಪೋರ್ಟೋ?

---

ಜಗಳೂರು_ಜಾಲಿ · 12:26

ದೊಡ್ಡಪ್ಪ.

---

ರಾತ್ರಿಪಾಳಿ_ಡಾಕ್ಟರ್ · 12:41

ನಾಟಿ ಔಷಧಿ ಎಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದ್ರೆ ಹೆಸರಿಲ್ಲದ ಪುಡೀಲಿ ಏನಿದೆ ಅಂತ ಕೊಟ್ಟವರೂ ಹೇಳಲ್ಲ. ಕೆಲವು ಪುಡಿಗಳಲ್ಲಿ ಪಾದರಸ, ಸೀಸ ಸಿಕ್ಕಿದೆ, ಕೆಲವದರಲ್ಲಿ ಇದೇ ಇಂಗ್ಲಿಷ್ ನೋವಿನ ಗುಳಿಗೆ ಅರೆದು ಹಾಕಿರ್ತಾರೆ. ಕರೆದುಕೊಂಡು ಬನ್ನಿ, ಬೈಯಲ್ಲ. ಪುಡಿ ಪೊಟ್ಟಣಾನೂ ತನ್ನಿ.

---

ಹರಿಹರದ_ಮೇಷ್ಟ್ರು · ಬುಧವಾರ, ಸಂಜೆ 6:10

ಮಾಡಿಸಿದೆ. ಎಸಿಆರ್ 22, ಇ-ಜಿಎಫ್ಆರ್ 71. ಪಾಸು, ಫಸ್ಟ್ ಕ್ಲಾಸ್ ಅಲ್ಲ. ಚೀಟೀಲಿ ಇರಲಿಲ್ಲ, ಬಾಯಿಬಿಟ್ಟು ಕೇಳಿದೆ. ನಮ್ಮ ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ, "ಹೌದು ಮೇಷ್ಟ್ರೇ, ಮಾಡಿಸಬೇಕಿತ್ತು" ಅಂತ ಬರೆದುಕೊಟ್ರು. ಜಗಳ ಏನೂ ಆಗಲಿಲ್ಲ. ಕೇಳೋಕೆ ನಾನು ಇಷ್ಟು ವರ್ಷ ಹೆದರಿದ್ದು ಯಾಕೋ!

---

ನಿಟ್ಟುವಳ್ಳಿ_ಸೊಸೆ · 6:35

ನಮ್ಮತ್ತೇದು ಎಸಿಆರ್ 340 ಬಂತು. ಇವತ್ತು ಮನೇಲಿ ಉಪ್ಪಿನಕಾಯಿ ಜಾಡಿ ಅಟ್ಟಕ್ಕೆ ಹೋಯ್ತು. ಅತ್ತೆ ಮಾತು ಬಿಟ್ಟಿದಾರೆ. ಉಳಿದದ್ದು ಆಮೇಲೆ ಬರೀತೀನಿ.

---

ಮಂಡಕ್ಕಿಭಟ್ಟಿ_ಹುಡುಗ · ಗುರುವಾರ, ರಾತ್ರಿ 9:30

ಅಪ್ಪನ ಪೊಟ್ಯಾಷಿಯಂ 5.3. ಎಳನೀರು ಬಂದ್, ಹಳೇ ಶುಗರ್ ಗುಳಿಗೆ ಎರಡೂ ನಿಂತು ಬೇರೆ ಬಂದಿದೆ. ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರು) ತಿಂಗಳಿಗೊಮ್ಮೆ ಬನ್ನಿ ಅಂದಿದಾರೆ. ಅಂಗಡಿಗೆ ಹೋಗ್ತಿದಾರೆ, ಸಂಜೆ ಏಳಕ್ಕೇ ಬಾಗಿಲು ಹಾಕೋದು ಅಂತ ಒಪ್ಪಂದ.

ಇನ್ನೊಂದು ಹೇಳಬೇಕು. ಅಮ್ಮನಿಗೂ ಎಂಟು ವರ್ಷದಿಂದ ಶುಗರ್ ಇದೆ. ಇಷ್ಟೆಲ್ಲ ಗಲಾಟೇಲಿ ಅವರದ್ದು ಯಾರಿಗೂ ನೆನಪಾಗಲಿಲ್ಲ, ನನಗೂ. ಮೊನ್ನೆ ಅಪ್ಪನ ಜೊತೆ ಕೂತಿದ್ದಾಗ ನರ್ಸ್ "ನಿಮ್ದು?" ಅಂದಾಗಲೇ ಹೊಳೆದಿದ್ದು. ಎಸಿಆರ್ 86. ಕ್ರಿಯಾಟಿನಿನ್ 0.8, ಅಪ್ಪಟ ನಾರ್ಮಲ್.

---

ರಾತ್ರಿಪಾಳಿ_ಡಾಕ್ಟರ್ · 10:02

ಒಂದೇ ಸಲದ್ದು ನೋಡಿ ತೀರ್ಮಾನ ಬೇಡ. ಜ್ವರ, ಉರಿಮೂತ್ರ, ಶುಗರ್ ತುಂಬಾ ಏರಿದ್ದು, ಇದ್ಯಾವುದರಿಂದಲೂ ಏರಬಹುದು. ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲ ಜಾಸ್ತಿ ಇದ್ರೆ ಆಗ ಖಚಿತ. ಖಚಿತವಾದ್ರೂ ಅಮ್ಮನದು ಒಳ್ಳೇ ಸಮಯದಲ್ಲಿ ಸಿಕ್ಕಿದೆ.

---

ಮಂಡಕ್ಕಿಭಟ್ಟಿ_ಹುಡುಗ · 10:11

ಸೋಮವಾರದಿಂದ ಉರಿಮೂತ್ರ ಇತ್ತಂತೆ. ಈಗ ಕೇಳಿದ್ದಕ್ಕೆ ಹೇಳ್ತಿದಾರೆ. ಅದಕ್ಕೆ ಔಷಧಿ ಮುಗಿಸಿ, ಮುಂದಿನ ತಿಂಗಳು ಇನ್ನೊಂದ್ಸಲ ಕೊಡಿಸ್ತೀನಿ. ಲ್ಯಾಬ್ ಅಕ್ಕ, ಬೆಳಗಿನ ಮೊದಲನೇದೇ ಬೇಕಾ? ಡಬ್ಬಿ ಹಿಡ್ಕೊಂಡು ಬೀದೀಲಿ ಬರಲ್ಲ ಅಂತ ಹಠ ಮಾಡ್ತಿದಾರೆ. ಮೊನ್ನೆ ಹೂವಿನ ಬುಟ್ಟೀಲಿಟ್ಟು ಮೇಲೆ ಸೇವಂತಿಗೆ ಮುಚ್ಕೊಂಡು ತಂದಿದ್ರು.

---

ಲ್ಯಾಬ್_ಅಕ್ಕ · 10:19

ಮೊದಲನೇದಾದ್ರೆ ಒಳ್ಳೇದು. ಮನೇಲೇ ಹಿಡಿದು ಒಂದು ಗಂಟೆಯೊಳಗೆ ತಂದುಕೊಡಿ, ನಾವು ಆರೂವರೆಗೆ ಬಾಗಿಲು ತೆಗೀತೀವಿ, ಆಗ ಬೀದೀಲಿ ಹಾಲಿನವನು ಬಿಟ್ರೆ ಯಾರೂ ಇರಲ್ಲ. ಬುಟ್ಟೀಲೇ ತರಲಿ ಬಿಡಿ. ಡಬ್ಬಿ ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿರಲಿ, ಮೊನ್ನೆ ಎರಡು ಸೇವಂತಿಗೆ ನೆಂದಿದ್ವು.